ಗುಬ್ಬಿಗೊಂದು ಹಿಡಿ ಕಾಳು, ಮಕ್ಕಳಿಗೊಂದು ಪಾಠ



ನಮ್ಮ ಹಿರಿಯರ ಕಾಲದಲ್ಲಿ ಹಕ್ಕಿಗಳಿಗೆಂದು ಬೇರೆ ಕಾಳು ಇಡಬೇಕಾಗಿರಲಿಲ್ಲ. ಹೆಂಚಿನ ಸಂದಿಯಲ್ಲಿ ಗುಬ್ಬಿ ಗೂಡು ಕಟ್ಟುತ್ತಿತ್ತು. ಅಜ್ಜಿ ಮೊರದಲ್ಲಿ ಕೇರುವಾಗ ಉದುರಿದ ನುಚ್ಚು ಅದರ ಪಾಲಾಗುತ್ತಿತ್ತು. ಈಗ ತಾರಸಿ ಮನೆಗಳು ಬಂದಿವೆ. ಅಕ್ಕಿ ಗಿರಣಿಯಿಂದಲೇ ಹಸನಾಗಿ ಬರುತ್ತದೆ. ಕಾಗಕ್ಕ ಗುಬ್ಬಕ್ಕನ ಕಥೆ ಕೇಳುವ ಮಗುವಿಗೆ ಗುಬ್ಬಕ್ಕನನ್ನು ತೋರಿಸಲು ಎಷ್ಟೋ ಊರುಗಳಲ್ಲಿ ಹುಡುಕಬೇಕಾಗಿದೆ. ಮನೆಯಲ್ಲಿ ಬಿಸಾಡುವ ವಸ್ತುಗಳಿಂದ ಮಕ್ಕಳ ಕೈಯಲ್ಲೇ ಹಕ್ಕಿಗಳಿಗೆ ಕಾಳಿನ ಬಟ್ಟಲು ಮಾಡಿಸುವುದು ಹೇಗೆ ಎಂಬುದನ್ನು ಈ ಹೊತ್ತು ನೋಡೋಣ.

"ಗುಬ್ಬಿ ನಮ್ಮ ತೆನೆ ತಿಂದು ಹಾಕುತ್ತೆ. ಅದಕ್ಕೆ ಮತ್ತೆ ನಾವೇ ಕಾಳು ಇಡಬೇಕೇನು ಸ್ವಾಮಿ?" ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಗುಬ್ಬಿ ಕಾಳು ತಿನ್ನುತ್ತದೆ, ನಿಜ. ಆದರೆ ತನ್ನ ಮರಿಗಳಿಗೆ ಅದು ಉಣಿಸುವುದು ಹೆಚ್ಚಾಗಿ ಹುಳುಗಳನ್ನು. 1958ರಲ್ಲಿ ಚೀನಾ ದೇಶದವರು ಗುಬ್ಬಿಯನ್ನು ಬೆಳೆಗಳ್ಳನೆಂದು ಬಗೆದು ಊರೂರೇ ಸೇರಿ ಕೊಂದರು. ಗುಬ್ಬಿ ಹೋಯಿತು, ಹುಳುವಿನ ಕಾಟ ಹೆಚ್ಚಿತು. ತಪ್ಪು ತಿಳಿದು 1960ರಲ್ಲಿ ಗುಬ್ಬಿಯನ್ನು ಕೊಲ್ಲಬೇಕಾದವುಗಳ ಪಟ್ಟಿಯಿಂದ ತೆಗೆದು, ಅದರ ಜಾಗಕ್ಕೆ ತಿಗಣೆಯನ್ನು ಸೇರಿಸಿದರು.

ಈಗ ಕೆಲಸಕ್ಕೆ ಬರೋಣ. ಒಂದು ತೆಂಗಿನ ಕರಟ ತೆಗೆದುಕೊಳ್ಳಿ. ಅಂಚಿನಲ್ಲಿ ಸಮದೂರಕ್ಕೆ ಮೂರು ತೂತು, ಮಳೆನೀರು ಇಳಿಯಲು ತಳದಲ್ಲಿ ಒಂದು ಸಣ್ಣ ತೂತು ಕೊರೆಯಿರಿ. ಕೊರೆಯುವುದು ದೊಡ್ಡವರ ಕೆಲಸ. ಕರಟ ಉಜ್ಜಿ ನುಣುಪು ಮಾಡುವುದು, ಹುರಿ ಕಟ್ಟುವುದು ಮಕ್ಕಳ ಕೆಲಸ. ಮೂರು ಹುರಿಗಳನ್ನು ಮೇಲೆ ಕೂಡಿಸಿ ಗಂಟು ಹಾಕಿದರೆ ತಕ್ಕಡಿಯ ತಟ್ಟೆಯಂತೆ ತೂಗುತ್ತದೆ. ಅಡಿಗೆ ಎಣ್ಣೆಯ ಬಾಟಲಿಯಾದರೆ ಸೀಗೆಪುಡಿ ಹಾಕಿ ಜಿಡ್ಡು ಹೋಗುವಂತೆ ತೊಳೆದು ಒಣಗಿಸಿ. ಕೆಳಭಾಗದಲ್ಲಿ ಒಂದು ಕಡ್ಡಿಯನ್ನು ಅಡ್ಡಲಾಗಿ ತೂರಿಸಿ, ಅದರ ಮೇಲೆ ಎರಡು ಬೆರಳು ಬಿಟ್ಟು ಕಡಲೆಕಾಳಿನ ಗಾತ್ರದ ತೂತು ಮಾಡಿ. ಹಕ್ಕಿ ಕಡ್ಡಿಯ ಮೇಲೆ ಕೂತು ತೂತಿನಿಂದ ಕಾಳು ಹೆಕ್ಕುತ್ತದೆ. ಒಡೆದ ಮಡಿಕೆಯ ತಳ ನೀರಿಗಾಯಿತು.

ನವಣೆ, ಸಜ್ಜೆ, ಅಕ್ಕಿನುಚ್ಚು ದಿನಕ್ಕೆ ಒಂದು ಹಿಡಿ ಸಾಕು. ಉಪ್ಪು ಹಾಕಿದ್ದು, ಕರಿದದ್ದು, ಬೂಷ್ಟು ಹಿಡಿದದ್ದು ಬೇಡ. ನೀರನ್ನು ದಿನಾ ಬದಲಿಸಿ. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ. ವಾರಕ್ಕೊಮ್ಮೆ ಬಟ್ಟಲನ್ನು ತಿಕ್ಕಿ ಬಿಸಿಲಿಗಿಡಿ. ಬೆಕ್ಕು ಹಾರದಷ್ಟು ಎತ್ತರದಲ್ಲಿ, ಸೂರಿನ ನೆರಳಿನಲ್ಲಿ ತೂಗುಹಾಕಿ. ಮೊದಲ ದಿನವೇ ಹಕ್ಕಿ ಬರಲಿಲ್ಲವೆಂದು ಮಕ್ಕಳು ಮುಖ ಸಣ್ಣ ಮಾಡಿಕೊಂಡಾರು. ನಂಬಿಕೆ ಬರಲು ಹಕ್ಕಿಗೂ ನಾಲ್ಕು ದಿನ ಬೇಕು ಅಂತ ಹೇಳಿ.

ಇನ್ನು ಮುಖ್ಯ ಮಾತು. ಒಂದು ಹಳ್ಳಿಯಲ್ಲಿ ಒಬ್ಬ ಹುಡುಗ ತಾನೇ ಮಾಡಿದ ಕಾಳಿನ ಬಾಟಲಿಯನ್ನು ಸಂಭ್ರಮದಿಂದ ನನಗೆ ತೋರಿಸಿದ. ನೋಡಿದರೆ ಅದು ಹತ್ತಿಗೆ ಹೊಡೆದ ಔಷಧಿಯ ಖಾಲಿ ಬಾಟಲಿ! ಒಳಗೆ ಬಿತ್ತಿ ಉಳಿದ ಜೋಳ, ಔಷಧಿ ಲೇಪಿಸಿದ ಕೆಂಪು ಬೀಜ. ಹುಡುಗನದೇನೂ ತಪ್ಪಿಲ್ಲ. ಆ ಊರಿನಲ್ಲಿ ಔಷಧಿ ಹೊಡೆಯುವ ಕ್ರಮವನ್ನು ಹೇಳಿಕೊಟ್ಟವನು ನಾನೇ; ಖಾಲಿ ಬಾಟಲಿಯ ಮಾತು ಮಾತ್ರ ಎತ್ತಿರಲಿಲ್ಲ. ಅಂದಿನಿಂದ ಹೋದಲ್ಲೆಲ್ಲ ಹೇಳುತ್ತಿದ್ದೇನೆ: ಔಷಧಿಯ ಡಬ್ಬಿ, ಬಾಟಲಿಗಳನ್ನು ಎಷ್ಟು ತೊಳೆದರೂ ನಂಬಬೇಡಿ. ಹಕ್ಕಿಗೂ ಬೇಡ, ಮನೆಬಳಕೆಗೂ ಬೇಡ. ಮತ್ತೆ ಬಳಸಲಾಗದಂತೆ ತೂತು ಮಾಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಲೇಪಿಸಿದ ಬೀಜವನ್ನು ಹಕ್ಕಿಗಾಗಲಿ ಕೋಳಿಗಾಗಲಿ ಹಾಕಬೇಡಿ.

ಕಾಜಾಣ ಮಾತ್ರ ಕಾಳಿಗೆ ಬರುವುದಿಲ್ಲ. ಅದಕ್ಕೆ ಹುಳುವೇ ಊಟ. ಕಡಲೆ ಹೊಲದಲ್ಲಿ ಅಲ್ಲಲ್ಲಿ ಕವಲುಕೋಲು ನೆಟ್ಟರೆ ಕೂತು ಕಾಯಿಕೊರಕವನ್ನು ಹಿಡಿಯುತ್ತದೆ. ಕೋಲು ನೆಡಲು ಮಕ್ಕಳನ್ನೂ ಕರೆದೊಯ್ಯಿರಿ. ಅಂಗಳದಲ್ಲಿ ಹಕ್ಕಿಯ ಗುರುತು ಹಿಡಿದ ಮಗು, ನಾಳೆ ಹೊಲಕ್ಕೆ ಔಷಧಿ ಹೊಡೆಯುವ ಮುಂಚೆ ಒಮ್ಮೆ ತಲೆಯೆತ್ತಿ ನೋಡೀತು.

ನಾಳೆಯೇ ಒಂದು ಕರಟ ಎತ್ತಿಡಿ.