ಪಾಚಿ ಹಿಡಿದ ಕ್ವಾರ್ಟರ್ಸ್, ಹೂಳು ತುಂಬಿದ ಲಕ್ಯಾ

ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಘಾಟಿ ಹತ್ತಿದರೆ ಎಸ್.ಕೆ. ಬಾರ್ಡರ್ ಸಿಗುತ್ತದೆ. ಅಲ್ಲಿಂದ ಒಂದು ದಾರಿ ಕೆರೆಕಟ್ಟೆಯ ಮೇಲೆ ಶೃಂಗೇರಿಗೆ, ಇನ್ನೊಂದು ಕುದುರೆಮುಖ, ಸಂಸೆ, ಕಳಸದ ಕಡೆಗೆ. ಅರಣ್ಯ ಇಲಾಖೆಯ ಗೇಟಿನಲ್ಲಿ ಗಾಡಿಯ ನಂಬರು, ಹೊತ್ತು ಬರೆದ ಚೀಟಿ ಕೊಡುತ್ತಾರೆ. ಹೇಳಿದ ಹೊತ್ತಿನೊಳಗೆ ಮುಂದಿನ ಗೇಟು ಮುಟ್ಟಬೇಕು, ನಡುವೆ ಇಳಿದು ಅಡ್ಡಾಡುವಂತಿಲ್ಲ. ಹುಲ್ಲು ಹೊದ್ದ ಬೋಳು ಗುಡ್ಡಗಳು, ಗುಡ್ಡ ಗುಡ್ಡ ಕೂಡುವ ಸಂದಿಯಲ್ಲಿ ಮಾತ್ರ ಒತ್ತಾಗಿ ನಿಂತ ಶೋಲಾ ಕಾಡು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಈ ಬೆಟ್ಟಗಳಲ್ಲೇ ಇದೆ. ಹನುಮನಗುಂಡಿ, ಕಡಾಂಬಿ ಜಲಪಾತಗಳನ್ನು ಹಾದು ಇನ್ನಷ್ಟು ದೂರ ಹೋದರೆ ಕಾಡಿನ ಮಧ್ಯೆ ಸಾಲು ಸಾಲು ಕಾಂಕ್ರೀಟ್ ಮನೆಗಳು ಎದುರಾಗುತ್ತವೆ. ಇದು ಕುದುರೆಮುಖ ಟೌನ್‌ಶಿಪ್. ಹಳಬರ ಬಾಯಲ್ಲಿ ಈಗಲೂ ಮಲ್ಲೇಶ್ವರ.

ಪಾಳುಬಿದ್ದ ಜಾಗಗಳ ಚಿತ್ರ ತೆಗೆಯುವವರನ್ನು ಈ ಊರು ತುಂಬಾ ಸೆಳೆಯುತ್ತದೆ. ವರ್ಷಕ್ಕೆ 6,000 ಮಿಲಿಮೀಟರ್ ದಾಟುವ ಮಳೆ ಸಿಮೆಂಟನ್ನು ಕಪ್ಪಾಗಿಸಿ, ಅದರ ಮೇಲೆ ಹಸಿರು ಹಚ್ಚಿದೆ. ಕಿಟಕಿಯಿಂದ ಬಳ್ಳಿ ಒಳಗೆ ಬಂದಿದೆ. ಮಂಜು ಇಳಿದ ಬೆಳಗ್ಗೆ ಕ್ಯಾಮೆರಾ ಯಾವ ಕಡೆ ತಿರುಗಿಸಿದರೂ ಚೆಂದದ ಚಿತ್ರವೇ ಸಿಗುತ್ತದೆ. ಆ ಚೆಂದದ ಬಗ್ಗೆಯೇ ನನಗೆ ಆತಂಕ. ಈ ಕಣಿವೆಯಿಂದ ಮೂರು ಬಗೆಯ ಜನ ಮೂರು ಬೇರೆ ಕಾರಣಗಳಿಗೆ ಎದ್ದು ಹೋಗಿದ್ದಾರೆ. ಅವರೆಲ್ಲ ಬಿಟ್ಟುಹೋದದ್ದರ ಮೇಲೂ ಪಾಚಿ ಒಂದೇ ಥರ ಬೆಳೆದಿದೆ. ಕ್ಯಾಮೆರಾಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದನ್ನು ಹಿಡಿದವರಿಗಾದರೂ ಗೊತ್ತಿರಬೇಕು.

ಇಲ್ಲಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ ಎಂದು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. ಅಗೆಯುವ ಕೆಲಸ ಕೈಗೂಡಲು ಆರು ದಶಕ ಬೇಕಾಯಿತು. ಇರಾನಿನ ಷಾ ಸರ್ಕಾರ ಹಣ ಕೊಡಲು, ಅದಿರು ಕೊಳ್ಳಲು ಒಪ್ಪಿದ ಮೇಲೆ 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾಯಿತು. ಗಣಿ, ಅಣೆಕಟ್ಟು, ಊರು ಎಲ್ಲ ಒಟ್ಟೊಟ್ಟಿಗೆ ಎದ್ದವು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಆ ಒಪ್ಪಂದ ನಡುವಿನಲ್ಲೇ ಮುರಿದುಬಿತ್ತು. ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು. ಅದಿರನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಾಟಿ ಇಳಿಸಿ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿದ್ದರು. ಇಲ್ಲಿ ಶಾಲೆ, ಆಸ್ಪತ್ರೆ, ಬ್ಯಾಂಕು, ಅಂಚೆ ಕಚೇರಿ, ಆಟದ ಮೈದಾನ ಎಲ್ಲ ಇದ್ದವು. ದೇಶದ ನಾನಾ ಕಡೆಯಿಂದ ಬಂದವರು ಇಲ್ಲಿ ಸಂಸಾರ ಹೂಡಿದರು.

ಗಣಿಯ ಗುತ್ತಿಗೆ 1999ರಲ್ಲಿ ಮುಗಿಯಿತು. ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ಕಾಡು 1987ರಲ್ಲೇ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಗಿತ್ತು. ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಕೆ.ಎಂ. ಚಿಣ್ಣಪ್ಪ ಗಣಿ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. ಅದರಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಯುದ್ಧವೋ ಪ್ರವಾಹವೋ ಬಂದು ಒಂದೇ ರಾತ್ರಿಯಲ್ಲಿ ಖಾಲಿಯಾದ ಊರಲ್ಲ ಇದು. ತೀರ್ಪಿನ ದಿನಕ್ಕೂ ಬೀಗ ಬಿದ್ದ ದಿನಕ್ಕೂ ನಡುವೆ ಮೂರು ವರ್ಷವಿತ್ತು. ಹಾಗಾಗಿ ಇಲ್ಲಿ ಅರ್ಧ ಉಂಡ ತಟ್ಟೆಯಾಗಲಿ, ಹಾಸಿದ ಹಾಸಿಗೆಯಾಗಲಿ ಕಾಣುವುದಿಲ್ಲ. ಕಂಪನಿಯ ಮನೆ ಬಿಡುವವರು ಸಾಮಾನು ಕಟ್ಟಿ, ಕೀಲಿ ಒಪ್ಪಿಸಿ ಹೋದರು. ಉಳಿದಿರುವುದು ಕೊಂಡುಹೋಗಲು ಆಗದ ವಸ್ತುಗಳು, ಕೊಂಡುಹೋಗಬೇಕು ಎಂದು ತೋಚದ ಗುರುತುಗಳು.

ಅನುಮತಿ ಪಡೆದು, ಕಾವಲಿನವರೊಬ್ಬರ ಜೊತೆ ಒಂದು ಸಾಲಿನೊಳಗೆ ನಡೆದೆ. "ಒಳಗೆ ಕಾಲಿಡಬೇಡಿ ಸಾರ್, ಸ್ಲ್ಯಾಬ್ ಗಟ್ಟಿ ಇಲ್ಲ, ಬಾಗಿಲಲ್ಲೇ ನಿಂತು ನೋಡಿ" ಎಂದರು. ಬಾಗಿಲಲ್ಲೇ ನಿಂತೆ. ಹಾಲ್‌ನ ಎದುರು ಬದುರು ಗೋಡೆಗಳಲ್ಲಿ, ಕೈಗೆಟುಕದಷ್ಟು ಎತ್ತರದಲ್ಲಿ, ಸಾಲಾಗಿ ಕೊಕ್ಕೆಗಳಿದ್ದವು. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಟ್ಟೆ ಒಣಗುತ್ತಿದ್ದುದು ಇಲ್ಲೇ. ಕೊಕ್ಕೆಗಳಿಗೆ ಕಟ್ಟಿದ ಹಗ್ಗಗಳ ಕೆಳಗೆ ಬಗ್ಗಿ ಓಡಾಡಿಕೊಂಡು, ಒದ್ದೆ ಬಟ್ಟೆಯ ವಾಸನೆಯ ನಡುವೆ ಮಕ್ಕಳು ಪರೀಕ್ಷೆಗೆ ಓದಿದ್ದಾರೆ. ಪಕ್ಕದ ಕೋಣೆಯ ಗೋಡೆ ಕಪಾಟಿನ ಒಳಗೊಂದು ಬಲ್ಬಿನ ಹೋಲ್ಡರ್. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ರೇಷ್ಮೆ ಸೀರೆಗೆ, ಸರ್ಟಿಫಿಕೇಟುಗಳಿಗೆ ಬೂಷ್ಟು ಹಿಡಿಯದಿರಲೆಂದು ಮಳೆಗಾಲವಿಡೀ ಕಪಾಟಿನಲ್ಲಿ ಬಲ್ಬು ಉರಿಸಿಡುತ್ತಿದ್ದರು. ಅಡುಗೆಮನೆಯ ಕಟ್ಟೆಯ ಮೇಲೆ ಗ್ಯಾಸ್ ಒಲೆ ಇಟ್ಟ ಜಾಗದಲ್ಲಿ ಚೌಕದ ಕಲೆ. ದೇವರ ಗೂಡಿನಲ್ಲಿ ಕುಂಕುಮ ಇಳಿದು ಸುಣ್ಣದೊಳಗೆ ಸೇರಿಹೋಗಿದೆ. ಹಿತ್ತಲಲ್ಲಿ ಬಸಳೆ ಚಪ್ಪರದ ಕಬ್ಬಿಣದ ಕಂಬಗಳು ನಿಂತಿವೆ. ಮುಂದೆ ಯಾರೋ ನೆಟ್ಟ ದಾಸವಾಳ ಆಳೆತ್ತರ ದಾಟಿ ಹೂ ಬಿಟ್ಟಿತ್ತು.

ಇಂಥ ವಿವರ ಹಿಡಿಯಲು ಅಗಲದ ಲೆನ್ಸ್ ಕೈಕೊಡುತ್ತದೆ. ಅದು ಕೋಣೆಯನ್ನು ಇದ್ದುದಕ್ಕಿಂತ ದೊಡ್ಡದಾಗಿ, ಇದ್ದುದಕ್ಕಿಂತ ಖಾಲಿಯಾಗಿ ತೋರಿಸುತ್ತದೆ. ಕೊಕ್ಕೆಯೂ ಕುಂಕುಮವೂ ಆ ಖಾಲಿಯಲ್ಲಿ ಕಳೆದುಹೋಗುತ್ತವೆ. ಕಣ್ಣಿಗೆ ಕಂಡಷ್ಟೇ ಕಾಣುವ 50 ಎಂಎಂ ಲೆನ್ಸ್ ಹಾಕಿ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಕಿಟಕಿಯ ಬೆಳಕಲ್ಲಿ ನಿಧಾನ ಶಟರ್‌ನಲ್ಲಿ ತೆಗೆಯುವುದು ನನಗೆ ಸರಿ ಕಂಡಿದೆ. ಫ್ಲಾಶ್ ಬೇಡ. ಒಂದು ಮೂಲೆ ಕತ್ತಲಾಗಿದ್ದರೆ ಕತ್ತಲಾಗಿಯೇ ಇರಲಿ.

ಯಾವ ವಸ್ತುವನ್ನೂ ಅಲುಗಿಸಬಾರದು. ಇದರಲ್ಲಿ ರಾಜಿಗೆ ಜಾಗವಿಲ್ಲ. ಚೆರ್ನೋಬಿಲ್ ಅಣುಸ್ಥಾವರದ ದುರಂತದ ನಂತರ 1986ರಲ್ಲಿ ಖಾಲಿ ಮಾಡಿಸಿದ ಪ್ರಿಪ್ಯಾತ್ ಊರಿನ ಚಿತ್ರಗಳನ್ನು ಜಗತ್ತೆಲ್ಲ ನೋಡಿದೆ. ಅಲ್ಲಿನ ಶಾಲೆಗಳಲ್ಲಿ ಮಂಚದ ಮೇಲೆ ಕೂರಿಸಿದ ಗೊಂಬೆ, ಗೊಂಬೆಯ ಮುಖಕ್ಕೆ ಹಾಕಿದ ಗ್ಯಾಸ್ ಮಾಸ್ಕ್ ಎಷ್ಟೋ ಕಡೆ ನಂತರ ಬಂದವರು ಜೋಡಿಸಿಟ್ಟದ್ದು. ನಿಜವಾಗಿ ಮನೆ ಕಳೆದುಕೊಂಡ ಸುಮಾರು 50,000 ಜನರ ಸಂಕಟದ ಮೇಲೆ ಸುಳ್ಳು ಸಂಕಟವೊಂದನ್ನು ಅಂಟಿಸಿದಂತಾಯಿತು. ಕುದುರೆಮುಖದಲ್ಲೂ ಮೆಟ್ಟಿಲ ಮೇಲೆ ಒಂಟಿ ಚಪ್ಪಲಿ ಇಟ್ಟು ತೆಗೆಯುವ ಆಸೆ ಯಾರಿಗಾದರೂ ಬರಬಹುದು. ಆ ಮನೆಯಲ್ಲಿ ಬದುಕಿದವರು ಎಲ್ಲೋ ಇದ್ದಾರೆ, ಅವರು ಆ ಚಿತ್ರ ನೋಡುತ್ತಾರೆ ಎಂದು ನೆನಪಿಟ್ಟುಕೊಂಡರೆ ಕೈ ತಾನಾಗಿ ಹಿಂದೆ ಬರುತ್ತದೆ. ಹೆಸರು, ವಿಳಾಸ ಕಾಣುವ ಕಾಗದ ಸಿಕ್ಕರೂ ಅದರ ಚಿತ್ರ ತೆಗೆಯಬಾರದು. ಬೀಗ ಮುರಿಯುವ ಮಾತಂತೂ ದೂರವೇ ಉಳಿಯಲಿ.

ಊರು ಪೂರ್ತಿ ಖಾಲಿಯೂ ಅಲ್ಲ. ಕಂಪನಿಯ ಕೆಲವರು ಇದ್ದಾರೆ, ರಸ್ತೆಯಲ್ಲಿ ಬಸ್ಸು ಓಡಾಡುತ್ತದೆ. ಇವರನ್ನು ಚಿತ್ರದ ಅಂಚಿನಿಂದ ಹೊರಗೆ ತಳ್ಳಿ 'ದೆವ್ವದ ಊರು' ಎಂದು ಶೀರ್ಷಿಕೆ ಕೊಡುವುದು ಅನ್ಯಾಯ. ಹಳೆಯ ನೌಕರರೂ ಬರುತ್ತಿರುತ್ತಾರಂತೆ. "ಮಕ್ಕಳು, ಮೊಮ್ಮಕ್ಕಳನ್ನು ಕರ್ಕೊಂಡು ಬರ್ತಾರೆ ಸಾರ್. ಮನೆ ನಂಬರ್ ಹುಡುಕಿ, ಬಾಗಿಲ ಹತ್ರ ನಿಂತು ಫೋಟೋ ತೆಗೆಸ್ಕೊಳ್ತಾರೆ. ತುಂಬ ಹೊತ್ತು ನಿಲ್ಲೋದಿಲ್ಲ" ಎಂದರು ಜೊತೆಗಿದ್ದವರು.

ಟೌನ್‌ಶಿಪ್ಪಿನ ಚಿತ್ರ ತೆಗೆದು ವಾಪಸಾಗುವವರು ಸಾಮಾನ್ಯವಾಗಿ ಲಕ್ಯಾದ ಕಡೆ ಕ್ಯಾಮೆರಾ ಎತ್ತುವುದಿಲ್ಲ. ದೂರದಿಂದ ಕಂಡರೆ ಅದೊಂದು ಶಾಂತವಾದ ಜಲಾಶಯ, ಸುತ್ತ ಹಸಿರು. ಆದರೆ ಈ ಕಣಿವೆಯಲ್ಲಿ ಮನುಷ್ಯರು ಬಿಟ್ಟುಹೋದ ಅತಿ ದೊಡ್ಡ ವಸ್ತು ಅದೇ. ಇಲ್ಲಿನ ಅದಿರಿನಲ್ಲಿದ್ದ ಕಬ್ಬಿಣ ನೂರಕ್ಕೆ 38ರ ಆಸುಪಾಸು. ಪರದೇಶಕ್ಕೆ ಮಾರಲು ಅದನ್ನು 67ರ ಹತ್ತಿರಕ್ಕೆ ಏರಿಸಬೇಕಿತ್ತು. ಹಾಗಾಗಿ ಗುಡ್ಡದಿಂದ ಅಗೆದದ್ದರಲ್ಲಿ ದೊಡ್ಡ ಪಾಲು ನುಣ್ಣಗೆ ಅರೆದ ಹೂಳಾಗಿ ಇಲ್ಲೇ ಉಳಿಯಿತು. ಅದನ್ನು ತಡೆದಿಡಲೆಂದೇ ಭದ್ರೆಯನ್ನು ಸೇರುವ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆ ಕಟ್ಟಿದರು. ಗಣಿ ನಡೆದ ಕಾಲು ಶತಮಾನದ ಹೂಳೆಲ್ಲ ಆ ನೀರಿನಡಿ, ಆ ಸಮತಟ್ಟಿನಡಿ ಕೂತಿದೆ. ಕ್ವಾರ್ಟರ್ಸ್ ಗೋಡೆಗಳನ್ನು ಮಳೆ, ಬೇರು ಸೇರಿ ಕೆಲವು ದಶಕಗಳಲ್ಲಿ ಮಣ್ಣು ಮಾಡಿಯಾವು. ಹೂಳು ಹಾಗೆ ಕರಗುವುದಿಲ್ಲ. ಕೆಳಗೆ ಭದ್ರೆಯ ನೀರನ್ನೇ ನಂಬಿ ಗದ್ದೆ ತೋಟ ಮಾಡುವವರಿರುವಷ್ಟು ಕಾಲ ಈ ಅಣೆಯನ್ನು ಯಾರಾದರೂ ಕಾಯಲೇಬೇಕು. ಕಾಡು ತನ್ನ ಜಾಗವನ್ನು ಮರಳಿ ಪಡೆಯಿತು ಎಂದು ಬಳ್ಳಿ ಹಬ್ಬಿದ ಕಿಟಕಿಯ ಚಿತ್ರ ಹೇಳುತ್ತದೆ. ಲಕ್ಯಾದ ಚಿತ್ರವನ್ನು ಅದರ ಪಕ್ಕ ಇಡದಿದ್ದರೆ ಆ ಮಾತು ಪೂರ್ತಿ ನಿಜವಲ್ಲ.

ಗಣಿ ನಿಲ್ಲಿಸಿದ್ದು ಸರಿಯಾದ ತೀರ್ಮಾನ ಎಂದೇ ನಾನು ನಂಬಿದ್ದೇನೆ. ಸಿಂಗಳೀಕಗಳಿಗೆ ಉಳಿದಿರುವ ಕೆಲವೇ ಕಾಡುಗಳಲ್ಲಿ ಇದೊಂದು. ನದಿಗಳ ಹುಟ್ಟಿನಲ್ಲೇ ಹೂಳು ಕದಡುವ ಕೆಲಸವನ್ನು ಇನ್ನೂ ಮುಂದುವರಿಸಲು ಆಗುತ್ತಿರಲಿಲ್ಲ. ಹಾಗೆಂದು ಕೆಲಸ ಕಳೆದುಕೊಂಡವರ, ಬೇರೆ ಊರಿಗೆ ವರ್ಗವಾದವರ ನೋವು ಸಣ್ಣದಾಗುವುದಿಲ್ಲ.

ಅವರಿಗೂ ಮೊದಲು ಹೋದವರಿದ್ದಾರೆ. ಕಂಪನಿ ಬರುವ ಮೊದಲು ಈ ಕಣಿವೆಯಲ್ಲಿ ಗದ್ದೆ, ಅಡಿಕೆ ತೋಟಗಳಿದ್ದವು. ಗಣಿಗೂ ಅಣೆಗೂ ಟೌನ್‌ಶಿಪ್ಪಿಗೂ ಜಾಗ ಬಿಟ್ಟು ಆ ಗದ್ದೆ ತೋಟಗಳವರು ಎದ್ದರು. ಕೊನೆಗೆ, ರಾಷ್ಟ್ರೀಯ ಉದ್ಯಾನ ಬಂದ ಮೇಲೆ, ಪರಿಹಾರ ತೆಗೆದುಕೊಂಡು ಕಾಡೊಳಗಿನ ಮನೆ ಬಿಟ್ಟ ಕುಟುಂಬಗಳು. ರಸ್ತೆ ಇಲ್ಲ, ಕರೆಂಟಿಲ್ಲ, ಕಾಯಿಲೆಯಾದರೆ ಹೊತ್ತೇ ತರಬೇಕು ಎಂಬ ಕಷ್ಟಕ್ಕೆ ಬೇಸತ್ತು ಹೊರಟವರು ಕೆಲವರು, ಮನಸ್ಸಿಲ್ಲದೆ ಹೊರಟವರು ಕೆಲವರು.

ಹಾಗೆ ಹೊರಬಂದು ಈಗ ಕಳಸದ ಕಡೆ ಇರುವ ಹಿರಿಯ ಹೆಂಗಸೊಬ್ಬರ ಜಗಲಿಯಲ್ಲಿ ಕೂತು ಮಾತಾಡಿದೆ. "ಎಂತ ಫೋಟೋ ತೆಗೀತೀರಿ ಮಾರಾಯ್ರೆ, ಅಲ್ಲಿ ಎಂತ ಉಂಟು ಈಗ? ಹಂಚು, ಪಕಾಸು, ರೀಪು, ಬಾಗಿಲು ಎಲ್ಲ ಬಿಚ್ಚಿ ತಂದೆವು. ಈ ಬಾಗಿಲು ಅಲ್ಲಿದೇ" ಎಂದು ಕೈ ತೋರಿಸಿದರು. ಹೊಸ ಸಿಮೆಂಟ್ ಮನೆಗೆ ಹಳೆಯ ಹಲಸಿನ ಮರದ ಬಾಗಿಲು. ಬಿಟ್ಟುಬಂದದ್ದು ಏನೇನು ಎಂದು ಕೇಳಿದೆ. "ಒರಳುಕಲ್ಲು ಹೊರಲಿಕ್ಕೆ ಆಗಲಿಲ್ಲ. ತುಳಸಿಕಟ್ಟೆ ಅಲ್ಲೇ ಉಂಟು, ತುಳಸಿ ಮಾತ್ರ ಚಟ್ಟಿಯಲ್ಲಿ ಹಾಕಿ ತಂದೆ" ಎಂದರು. ದೈವದ ಕಲ್ಲುಗಳ ಮಾತು ಬಂದಾಗ ಸ್ವಲ್ಪ ಸುಮ್ಮನಿದ್ದು, "ಅದು ಅಲ್ಲೇ. ವರ್ಷಕ್ಕೊಂದು ಸಲ ಗಂಡಸರು ಹೋಗಿ ದೀಪ ಇಟ್ಟು ಬರ್ತಾರೆ. ಅದರ ಫೋಟೋ ಬೇಡ ಆಯ್ತಾ" ಎಂದರು. ಆಯ್ತಮ್ಮ ಎಂದೆ.

ಕ್ವಾರ್ಟರ್ಸ್ ಬಿಟ್ಟವರು ಮನೆ ಬಿಟ್ಟು ಸಾಮಾನು ಒಯ್ದರು. ಇವರು ಮನೆಯನ್ನೇ ಒಯ್ದು ಜಾಗ ಬಿಟ್ಟರು. ಹಾಗಾಗಿ ಇವರು ಬಿಟ್ಟ ಜಾಗದಲ್ಲಿ ಚಿತ್ರ ತೆಗೆಯಲು ಸಿಗುವುದು ಅಡಿಪಾಯದ ಕಲ್ಲು, ಕಳೆ ತುಂಬಿದ ಅಂಗಳ, ಆರೈಕೆಯಿಲ್ಲದೆ ನಿಂತ ನಾಲ್ಕಾರು ಅಡಿಕೆ ಮರ. ನೋಡಿದವರಿಗೆ ಬರೀ ಕಾಡಿನ ಚಿತ್ರದಂತೆ ಕಾಣುತ್ತದೆ. ಕೆಳಗೆ ಎರಡು ಸಾಲು ಬರೆಯದಿದ್ದರೆ ಅಲ್ಲೊಂದು ಮನೆ ಇತ್ತು ಎನ್ನುವುದೇ ಗೊತ್ತಾಗದು. ಪಾಳು ಜಾಗಗಳ ಚಿತ್ರಕ್ಕೆ ಬೆಳಕಿನಷ್ಟೇ ಈ ಬರಹವೂ ಮುಖ್ಯ: ಯಾವ ಊರು, ಯಾವ ಇಸವಿ, ಇದ್ದವರು ಯಾರು, ಎದ್ದದ್ದು ಯಾಕೆ.

ಚಿಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಛಾಯಾಗ್ರಾಹಕ ಕಮಿಲೊ ಹೊಸೆ ವೆರ್ಗಾರ 1970ರ ದಶಕದಿಂದ ಹಾರ್ಲೆಮ್, ಡೆಟ್ರಾಯಿಟ್‌ಗಳಂಥ ಕಡೆ ಅದೇ ಬೀದಿ, ಅದೇ ಕಟ್ಟಡಗಳಿಗೆ ಮತ್ತೆ ಮತ್ತೆ ಮರಳಿ ಚಿತ್ರ ತೆಗೆಯುತ್ತ ಬಂದಿದ್ದಾರೆ. ಒಂದು ಚಿತ್ರದಲ್ಲಿ ಅಂಗಡಿ, ಮುಂದಿನದರಲ್ಲಿ ಮುಚ್ಚಿದ ಕದ, ಅದರ ಮುಂದಿನದರಲ್ಲಿ ಖಾಲಿ ನಿವೇಶನ. ಒಂದೊಂದೇ ನೋಡಿದರೆ ಸಾಧಾರಣ. ಸಾಲಾಗಿಟ್ಟರೆ ಒಂದು ಊರಿನ ಚರಿತ್ರೆ. ಕುದುರೆಮುಖಕ್ಕೆ ಬೇಕಿರುವುದು ಇಂಥ ಕೆಲಸ. ಒಂದು ಮಂಜಿನ ಬೆಳಗ್ಗೆ ಬಂದು ಹೋಗುವವರಿಂದ ಇದು ಆಗದು.

ಆ ಸಾಲಿನ ಮೊದಲ ಚಿತ್ರಗಳು ನಮ್ಮ ಹತ್ತಿರ ಇಲ್ಲ, ಟೌನ್‌ಶಿಪ್ಪಿನಲ್ಲಿ ಬದುಕಿದವರ ಮನೆಗಳಲ್ಲಿವೆ. 1980ರ, 90ರ ದಶಕದ ಆಲ್ಬಂಗಳಲ್ಲಿ: ಶಾಲಾ ದಿನಾಚರಣೆ, ಗಣೇಶೋತ್ಸವ, ಮೊದಲ ಸ್ಕೂಟರು, ಒದ್ದೆ ಬಟ್ಟೆ ತೂಗಿದ ಹಾಲ್‌ನಲ್ಲಿ ಕೇಕ್ ಕತ್ತರಿಸುತ್ತಿರುವ ಮಗು. ನಿಮ್ಮಲ್ಲಿ ಯಾರಾದರೂ ಕುದುರೆಮುಖದಲ್ಲೋ, ಅದಕ್ಕೂ ಹಿಂದಿನ ಮಲ್ಲೇಶ್ವರದಲ್ಲೋ, ಕಾಡೊಳಗಿನ ಮನೆಗಳಲ್ಲೋ ಇದ್ದವರಾದರೆ ಆ ಆಲ್ಬಂಗಳನ್ನು ಈ ಮಳೆಗಾಲಕ್ಕೆ ಮುಂಚೆ ಹೊರಗೆ ತೆಗೆಯಿರಿ. ಬೂಷ್ಟು ಹಿಡಿದ ಫೋಟೋ ಮತ್ತೆ ಸರಿಹೋಗುವುದಿಲ್ಲ. ಒಂದೊಂದರ ಹಿಂದೆಯೂ ಇಸವಿ, ಮನೆಯ ನಂಬರು ಅಥವಾ ಹೆಸರು, ಅದರಲ್ಲಿರುವವರು ಯಾರು ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ ಬರೆಯಿರಿ, ಮತ್ತು ಒಂದು ಪ್ರತಿ ಮಾಡಿಸಿ ಮಕ್ಕಳ ಕೈಗೆ ಕೊಡಿ.