ಅರಳುಮರಳು ಮತ್ತು ಆಹಾರ

ಹಿರಿಯರು ಕೀಲಿಕೈ ಇಟ್ಟ ಸ್ಥಳ ಮರೆತರೆ ‘ಅರವತ್ತಕ್ಕೆ ಅರಳುಮರಳು’ ಎಂದು ನಕ್ಕು ಸುಮ್ಮನಾಗುವುದು ರೂಢಿ. ಕೊಚ್ಚಿಯಲ್ಲಿ 65 ದಾಟಿದವರನ್ನು ಕುರಿತು 2005ರಲ್ಲಿ ಪ್ರಕಟವಾದ ಸಮೀಕ್ಷೆ ನಗುವಂಥದ್ದಲ್ಲ. ಸಾವಿರಕ್ಕೆ ಸುಮಾರು 34 ಮಂದಿಗೆ ಡಿಮೆನ್ಷಿಯ ಎಂಬ ಮರೆವಿನ ರೋಗವಿತ್ತು. ಅವರಲ್ಲಿ ಶೇಕಡಾ 39 ಮಂದಿಯಲ್ಲಿ ಅದರ ಮೂಲ ಮಿದುಳಿನ ರಕ್ತನಾಳಗಳ ದೋಷ. ಏರಿದ ರಕ್ತದೊತ್ತಡ ಇದರ ಮುಖ್ಯ ಬೇರು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪು ಆ ಬೇರಿಗೆ ನೀರೆರೆಯುತ್ತದೆ.

ಸಸ್ಯಾಹಾರಿ ಕನ್ನಡಿಗರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಬಿ-12 ಜೀವಸತ್ವವು ಹಾಲು, ಮೊಸರುಗಳಲ್ಲುಂಟು. ಕೋಸಂಬರಿಯನ್ನು ಎಷ್ಟು ತಿಂದರೂ ದೊರೆಯದು. ಇದರ ಕೊರತೆಯಿಂದ ಬಂದ ಮರೆವು, ಬೇಗ ಪತ್ತೆಯಾದರೆ, ಅನೇಕ ವೇಳೆ ಚಿಕಿತ್ಸೆಗೆ ಬಗ್ಗುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಸ್ಮೃತಿ ಚಿಕಿತ್ಸಾಲಯವೇ ಇದೆ. ಆದರೆ ಬಿ-12ರ ರಕ್ತಪರೀಕ್ಷೆಗೆ ಕೊಚ್ಚಿಯವರು ಅಷ್ಟು ದೂರ ಹೋಗಬೇಕಾಗಿಲ್ಲ.