ಮುಂದಲೆಯ ಎರಡು ಸೆಂಟಿಮೀಟರ್

ಹಾಸ್ಟೆಲ್‌ನಲ್ಲಿ ಯಾರಿಗಾದ್ರೂ ಕೂದಲು ಉದುರೋಕೆ ಶುರುವಾದ್ರೆ ಮೊದಲು ಬೈಸಿಕೊಳ್ಳೋದು ಬೋರ್‌ವೆಲ್ ನೀರು. ಆಮೇಲೆ ಮೆಸ್ಸಿನ ಊಟ, ಆಮೇಲೆ ಮ್ಯಾಥ್ಸ್ ಪೇಪರ್. ಇವುಗಳ ತಪ್ಪು ಇಲ್ಲವೇ ಇಲ್ಲ ಅಂತಲ್ಲ. ಗಡಸು ನೀರಿಗೆ ಕೂದಲು ಒರಟಾಗುತ್ತೆ. ಜ್ವರ, ಒತ್ತಡ, ಸರಿಯಾಗಿ ಊಟ ಮಾಡದೇ ಇರೋದು, ಇವುಗಳಿಂದಲೂ ಕೂದಲು ಉದುರುತ್ತೆ. ಆದರೆ ಹಾಗೆ ಉದುರುವುದು ಇಡೀ ತಲೆಯಿಂದ, ಮತ್ತು ಹೆಚ್ಚಿನಂಶ ಕೆಲವು ತಿಂಗಳಲ್ಲಿ ವಾಪಸ್ ಬರುತ್ತೆ. ಹಣೆಯ ಎರಡು ಮೂಲೆಗಳಲ್ಲಿ ಗೆರೆ ಹಿಂದೆ ಸರಿದು, ನೆತ್ತಿ ಬಯಲಾಗುತ್ತಾ ಹೋಗೋದು ಬೇರೆಯದೇ ಸಂಗತಿ. ಟೆಸ್ಟೋಸ್ಟೆರಾನ್‌ನಿಂದ ನಮ್ಮ ದೇಹದಲ್ಲೇ ತಯಾರಾಗುವ ಡಿಎಚ್‌ಟಿ ಎಂಬ ಹಾರ್ಮೋನು, ಅದಕ್ಕೆ ಹುಟ್ಟಿನಿಂದಲೇ ಸೂಕ್ಷ್ಮವಾಗಿರುವ ಕೂದಲ ಬುಡಗಳನ್ನು ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತೆ. ದಪ್ಪ ಕೂದಲು ಬರುತ್ತಿದ್ದ ಜಾಗದಲ್ಲಿ ಕೈಮೇಲಿನ ರೋಮದಂಥದ್ದು ಬರುತ್ತೆ, ಕೊನೆಗೆ ಅದೂ ಇಲ್ಲ.

ಇದಕ್ಕೆ ಎರಡು ಪರಿಹಾರಗಳ ಜಾಹೀರಾತು ದಿನಾ ನಮ್ಮ ಫೋನಿನಲ್ಲಿ ಬರುತ್ತೆ. ಒಂದು ಕೂದಲು ಕಸಿ, ಅಂದ್ರೆ ಹೇರ್ ಟ್ರಾನ್ಸ್‌ಪ್ಲಾಂಟ್. ಇನ್ನೊಂದು ಹೇರ್ ಪ್ಯಾಚ್, ಅಂದ್ರೆ ಹಳೆಯ ವಿಗ್ಗಿನ ನಯವಾದ ತಮ್ಮ. ಎರಡನ್ನೂ ಸೇರಿಸಿ ಬಳಸುವ ಮೂರನೆಯ ದಾರಿಯೊಂದಿದೆ: ಮುಂದಲೆಯ ಅಂಚಿಗೆ ಮಾತ್ರ ಸ್ವಂತ ಕೂದಲ ಕಸಿ, ಅದರ ಹಿಂದೆ ಪ್ಯಾಚ್. ಇದರ ಬಗ್ಗೆ ಮಾತು ಕಡಿಮೆ. ಇದರಲ್ಲಿ ಎಂಜಿನಿಯರ್‌ಗಳು ಮೆಚ್ಚುವಂಥ ಲೆಕ್ಕವೂ ಇದೆ, ಇಪ್ಪತ್ತರ ಹುಡುಗರು ಸಿಕ್ಕಿಕೊಳ್ಳಬಹುದಾದ ಬಲೆಯೂ ಇದೆ. ಅದಕ್ಕೇ ಈ ಬರಹ.

ಮೊದಲು ಲೆಕ್ಕ ನೋಡೋಣ.

ಕೂದಲು ಚರ್ಮದಿಂದ ಒಂದೊಂದಾಗಿ ಹೊರಡುವುದಿಲ್ಲ. ಒಂದರಿಂದ ನಾಲ್ಕು ಕೂದಲಿನ ಚಿಕ್ಕ ಚಿಕ್ಕ ಗುಂಪುಗಳಾಗಿ ಹೊರಡುತ್ತವೆ. ಕಸಿಯಲ್ಲಿ ಒಂದು 'ಗ್ರಾಫ್ಟ್' ಅಂದ್ರೆ ಇಂಥ ಒಂದು ಗುಂಪು. ತಲೆಯ ಹಿಂಭಾಗ ಮತ್ತು ಕಿವಿಯ ಮೇಲಿನ ಪಟ್ಟಿಯ ಕೂದಲಿಗೆ ಡಿಎಚ್‌ಟಿಯ ಕಾಟ ಅಷ್ಟಾಗಿ ಇಲ್ಲ. ಎಷ್ಟೇ ಬೋಳಾದ ಅಜ್ಜಂದಿರಿಗೂ ಅಲ್ಲೊಂದು ಕುದುರೆ ಲಾಳದ ಆಕಾರದಲ್ಲಿ ಕೂದಲು ಉಳಿದಿರುತ್ತಲ್ಲ, ಅದೇ. ಈ ಕೂದಲನ್ನು ಬುಡಸಮೇತ ತೆಗೆದು ಮುಂದೆ ನೆಟ್ಟರೆ ಅದು ತನ್ನ ಹಳೆಯ ಜಾಗದ ಗುಣವನ್ನೇ ಉಳಿಸಿಕೊಳ್ಳುತ್ತೆ ಎಂದು ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಪ್ರಕಟಿಸಿದರು. ಜಪಾನಿನ ಶೋಜಿ ಒಕುಡಾ 1939ರಲ್ಲೇ ಕೂದಲು ಕಸಿಯ ಬಗ್ಗೆ ಬರೆದಿದ್ದರು. ಯುದ್ಧದ ಗದ್ದಲದಲ್ಲಿ ಅದು ಹೊರಜಗತ್ತಿಗೆ ಗೊತ್ತಾಗಲಿಲ್ಲ.

ಭತ್ತದ ನಾಟಿ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ: ಸಸಿಮಡಿಯಿಂದ ಕಿತ್ತು ಗದ್ದೆಗೆ ನೆಡೋದು. ಒಂದೇ ವ್ಯತ್ಯಾಸ, ಇಲ್ಲಿ ಮಡಿಗೆ ಮತ್ತೆ ಬೀಜ ಹಾಕೋಕಾಗಲ್ಲ. ಕಿತ್ತಲ್ಲಿ ಮತ್ತೆ ಹುಟ್ಟುವುದಿಲ್ಲ. ಹಿಂಭಾಗ ಕಳೆಗೆಡದ ಹಾಗೆ ಒಬ್ಬ ಮನುಷ್ಯನಿಂದ ಇಡೀ ಜೀವಮಾನದಲ್ಲಿ ತೆಗೆಯಬಹುದಾದದ್ದು ಸಾಮಾನ್ಯವಾಗಿ ನಾಲ್ಕರಿಂದ ಆರು ಸಾವಿರ ಗ್ರಾಫ್ಟ್.

ಈಗ ಖರ್ಚಿನ ಕಡೆ. ಮುಂದಿನಿಂದ ನೆತ್ತಿಯವರೆಗೆ ಪೂರ್ತಿ ಬೋಳಾದರೆ ಆ ಜಾಗ ಸುಮಾರು 200 ಚದರ ಸೆಂಟಿಮೀಟರ್. ಸಹಜ ದಟ್ಟಣೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 70ರಿಂದ 80 ಗುಂಪು. ಅದರ ಅರ್ಧದಷ್ಟಿದ್ದರೂ ನೋಡುವವರ ಕಣ್ಣಿಗೆ 'ಕೂದಲಿದೆ' ಅನ್ನಿಸುತ್ತೆ. 40 ಅಂತಿಟ್ಟುಕೊಳ್ಳಿ. 200 ಗುಣಿಸು 40, ಎಂಟು ಸಾವಿರ. ಕೈಯಲ್ಲಿರೋದು ಹೆಚ್ಚೆಂದರೆ ಆರು ಸಾವಿರ. ಬಜೆಟ್ ಅಲ್ಲೇ ಸೋತಿತು. ಇದ್ದದ್ದನ್ನೇ ಎಲ್ಲ ಕಡೆ ತೆಳ್ಳಗೆ ಹರಡಿದರೆ ಎಲ್ಲಿಯೂ ಕೂದಲು ಕಾಣಲ್ಲ.

ಹಾಗಾದರೆ ಪ್ಯಾಚ್? ಅದಕ್ಕೆ ಈ ಕೊರತೆ ಇಲ್ಲ. ತೆಳುವಾದ ಬಲೆ ಅಥವಾ ಪಾಲಿಯುರೆಥೇನ್ ಹಾಳೆಗೆ ಕೂದಲು ಗಂಟು ಹಾಕಿರುತ್ತಾರೆ. ಎಷ್ಟು ದಟ್ಟ ಬೇಕೋ ಅಷ್ಟು. ಟೇಪ್, ಗೋಂದು ಅಥವಾ ಕ್ಲಿಪ್‌ನಿಂದ ತಲೆಗೆ ಕೂರಿಸುತ್ತಾರೆ. ಒಳ್ಳೆಯ ಪ್ಯಾಚಿನಲ್ಲಿ ಇರೋದು ನಿಜವಾದ ಮನುಷ್ಯರ ಕೂದಲೇ, ಅದರಲ್ಲೂ ಭಾರತದ ಕೂದಲಿಗೆ ಜಗತ್ತಿನಲ್ಲೆಲ್ಲ ಬೇಡಿಕೆ. ತಿರುಮಲದಲ್ಲಿ ಮುಡಿ ಕೊಟ್ಟ ಕೂದಲು ಹರಾಜಾಗಿ ವಿಗ್ ಉದ್ಯಮಕ್ಕೆ ಹೋಗುತ್ತೆ ಅನ್ನೋದು ನಿಮಗೆ ಗೊತ್ತಿರಬಹುದು. ಕೂದಲ ಮೇಲ್ಮೈಯಲ್ಲಿ ಹೆಂಚು ಹೊದಿಸಿದ ಹಾಗೆ ಪೊರೆಗಳಿರುತ್ತವೆ, ಎಲ್ಲವೂ ಬುಡದಿಂದ ತುದಿಯ ಕಡೆಗೆ. ಬುಡ ಒಂದು ಕಡೆ, ತುದಿ ಒಂದು ಕಡೆ ಬರುವ ಹಾಗೆ ಜೋಡಿಸಿದ ಕೂದಲು ಸಿಕ್ಕಾಗಲ್ಲ. ಅದಕ್ಕೇ ಅದಕ್ಕೆ ಬೆಲೆ ಜಾಸ್ತಿ.

ಪ್ಯಾಚ್ ಸೋಲುವುದು ಒಂದೇ ಕಡೆ: ಮುಂದಿನ ಅಂಚಿನಲ್ಲಿ. ನಮ್ಮ ಸಂಘದ ನಾಟಕಗಳಲ್ಲಿ ವಿಗ್ ಹಾಕಿದವರಿಗೆಲ್ಲ ಇದು ಗೊತ್ತು. ಐತಿಹಾಸಿಕ ನಾಟಕವಾದರೆ ಚಿಂತೆಯಿಲ್ಲ, ಪೇಟವೋ ಕಿರೀಟವೋ ಆ ಅಂಚನ್ನು ಮುಚ್ಚುತ್ತೆ. ಸಾಮಾಜಿಕ ನಾಟಕವಾದರೆ ಮೊದಲ ಸಾಲಿನಲ್ಲಿ ಕೂತವರಿಗೆ ಮೊದಲು ಕಾಣೋದೇ ಅದು. ಈಗಿನ ಲೇಸ್ ಪ್ಯಾಚ್‌ಗಳು ಬಹಳ ಮೇಲು, ಆದರೂ ಹತ್ತಿರದಿಂದ ನೋಡಿದರೆ ಗಂಟಿನ ಚುಕ್ಕೆ, ಗೋಂದಿನ ಹೊಳಪು, ಸೆಕೆಗೆ ಎದ್ದ ಅಂಚು, ಏನಾದರೊಂದು ಕಂಡುಬಿಡುತ್ತೆ. ಮಂಗಳೂರಿನ ಬೆವರಿಗೆ ಬೆಂಗಳೂರಿನ ಗೋಂದು ತಡೆಯುವುದಿಲ್ಲ. ಬೈಕ್ ಹೆಲ್ಮೆಟ್ ಬೇರೆ.

ಸಹಜವಾದ ಅಂಚು ಹೇಗಿರುತ್ತೆ ಅಂತ ನೋಡಬೇಕಾದರೆ ಪಕ್ಕದಲ್ಲಿ ಕೂತಿರುವವರ ಹಣೆಯನ್ನು ಗಮನಿಸಿ (ಹೇಳಿಯೇ ನೋಡಿ, ಇಲ್ಲಾಂದ್ರೆ ಜಗಳ). ಅದು ಗೆರೆಯೇ ಅಲ್ಲ. ಸುಮಾರು ಅರ್ಧದಿಂದ ಒಂದು ಸೆಂಟಿಮೀಟರ್ ಅಗಲದ ಒಂದು ಮಬ್ಬು ಪಟ್ಟಿ. ಅಲ್ಲಿ ಒಂಟಿ ಒಂಟಿ ತೆಳು ಕೂದಲು, ಅಂಕುಡೊಂಕಾಗಿ. ಹಿಂದೆ ಹೋದಂತೆ ಎರಡರ ಗುಂಪು, ಮೂರರ ಗುಂಪು. ಕೂದಲು ನೆಟ್ಟಗೆ ನಿಂತಿರುವುದಿಲ್ಲ, ಚರ್ಮಕ್ಕೆ ಒರಗಿದ ಹಾಗೆ ಮುಂದಕ್ಕೆ ಬಾಗಿರುತ್ತೆ. ಓರೆಂಟ್ರೈಕ್ ಕಾಲದಲ್ಲಿ 4 ಮಿಲಿಮೀಟರ್ ಅಗಲದ ದೊಡ್ಡ ತುಂಡುಗಳನ್ನೇ ನೆಡುತ್ತಿದ್ದರು. ಗೊಂಬೆಯ ತಲೆಯ ಹಾಗೆ ಕುಚ್ಚು ಕುಚ್ಚಾಗಿ ಕಾಣುತ್ತಿತ್ತು. ಈಗ ಒಂದು ಮಿಲಿಮೀಟರಿಗೂ ಕಡಿಮೆ ಅಗಲದ ಪಂಚ್‌ನಿಂದ ಒಂದೊಂದೇ ಗುಂಪು ತೆಗೆಯುವ ಎಫ್‌ಯುಇ ವಿಧಾನ ಇದೆ. ಅಂಚಿಗೆ ಒಂಟಿ ಕೂದಲಿನ ಗ್ರಾಫ್ಟ್‌ಗಳನ್ನೇ ಆರಿಸಿ, ಕೋನ ನೋಡಿ ನೆಡಬಹುದು. ಪ್ಯಾಚಿಗೆ ಬಾರದ್ದು ಕಸಿಗೆ ಚೆನ್ನಾಗಿ ಬರುವುದು ಇಲ್ಲೇ.

ಹಾಗಾಗಿ ಕೆಲಸ ಹಂಚಿಕೊಡೋದು. ಮುಂದಲೆಯುದ್ದಕ್ಕೂ 15 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲದ ಪಟ್ಟಿ ಅಂದ್ರೆ 30 ಚದರ ಸೆಂಟಿಮೀಟರ್. 40ರ ದಟ್ಟಣೆಯಲ್ಲಿ 1,200 ಗ್ರಾಫ್ಟ್ ಸಾಕು. ಹಿಂಭಾಗದ ಕೂದಲು ಕಡಿಮೆ ಇರುವವರಿಗೂ ಇದು ಸಿಗುವ ಮೊತ್ತ. ಉಳಿದ 170 ಚದರ ಸೆಂಟಿಮೀಟರನ್ನು ಪ್ಯಾಚ್ ನೋಡಿಕೊಳ್ಳುತ್ತೆ. ಪ್ಯಾಚಿನ ಮುಂದಿನ ಅಂಚು ಈಗ ಹಣೆಯ ಮೇಲಲ್ಲ, ಕೂದಲಿನ ಒಳಗೆ. ಸ್ವಂತ ಕೂದಲನ್ನು ಅದರ ಮೇಲೆ ಹಿಂದಕ್ಕೆ ಬಾಚಿದರೆ ಸೇರುವ ಜಾಗ ಮುಚ್ಚಿಹೋಗುತ್ತೆ. ಕಪ್ಪು ಕೂದಲು, ಕಂದು ಚರ್ಮ ಇರುವ ನಮಗೆ ಇನ್ನೊಂದು ಅನುಕೂಲ: ಎರಡರ ಬಣ್ಣಕ್ಕೆ ಅಂತರ ಕಡಿಮೆ ಇರೋದರಿಂದ ಸಣ್ಣಪುಟ್ಟ ತೆಳುವು ಎದ್ದು ಕಾಣಲ್ಲ.

ಕಾಗದದ ಮೇಲೆ ಇದು ಚೆನ್ನಾಗಿದೆ. ತಲೆಯ ಮೇಲೆ ಸ್ವಲ್ಪ ತಾಳ್ಮೆ ಬೇಕು. ಕಸಿ ಮೊದಲು, ಪ್ಯಾಚ್ ಆಮೇಲೆ. ನೆಟ್ಟ ಕೂದಲು ಕೆಲವೇ ವಾರಗಳಲ್ಲಿ ಉದುರಿಹೋಗುತ್ತೆ. ಗಾಬರಿ ಬೇಡ, ಬುಡ ಒಳಗೇ ಇರುತ್ತೆ. ಮೂರು-ನಾಲ್ಕು ತಿಂಗಳಿಗೆ ಚಿಗುರಲು ಶುರು, ಪೂರ್ತಿ ರೂಪ ಬರೋಕೆ ಸುಮಾರು ಒಂದು ವರ್ಷ. ಮೊದಲಿನಿಂದಲೂ ಪ್ಯಾಚ್ ಹಾಕುತ್ತಿದ್ದವರು ಗಾಯ ಮಾಗುವವರೆಗೆ ಅದನ್ನು ತೆಗೆದಿಡಬೇಕಾಗುತ್ತೆ. ಆಫೀಸಿಗೆ ಏನು ಹೇಳೋದು ಅನ್ನೋದೇ ಅವರಿಗೆ ಶಸ್ತ್ರಚಿಕಿತ್ಸೆಗಿಂತ ದೊಡ್ಡ ತಲೆನೋವು. ಆಮೇಲೂ ಟೇಪನ್ನು ನೆಟ್ಟ ಪಟ್ಟಿಯ ಹಿಂದಿನ ಬೋಳು ಚರ್ಮಕ್ಕೆ ಅಂಟಿಸಬೇಕೇ ಹೊರತು ಪಟ್ಟಿಯ ಮೇಲಲ್ಲ. ಕ್ಲಿಪ್ ಹಾಕಿ ಸ್ವಂತ ಕೂದಲಿಗೆ ಜೋತುಹಾಕಿದರೆ ದಿನದಿನದ ಎಳೆತಕ್ಕೆ ಬುಡವೇ ಸೋಲುತ್ತೆ. ಬಿಗಿ ಜಡೆಯಿಂದ ಹೆಣ್ಣುಮಕ್ಕಳ ಹಣೆಯಂಚಿನ ಕೂದಲು ಹೋಗುವುದು ಇದೇ ಕಾರಣಕ್ಕೆ. ಅಷ್ಟು ಕಷ್ಟಪಟ್ಟು ನೆಟ್ಟಿದ್ದನ್ನು ಕ್ಲಿಪ್‌ಗೆ ಕಳೆದುಕೊಳ್ಳೋದು ಬೇಡ.

ಬಣ್ಣದ ತಕರಾರು ಎಂದಿಗೂ ಮುಗಿಯಲ್ಲ. ಪ್ಯಾಚಿನ ಕೂದಲು ಬೆಳೆಯಲ್ಲ, ನರೆಯಲ್ಲ, ಬಿಸಿಲಿಗೆ ಕೆಂಚಾಗುತ್ತೆ. ಮುಂದಿನ ಪಟ್ಟಿ ಬೆಳೆಯುತ್ತೆ, ನರೆಯುತ್ತೆ. ಹೀಗಾಗಿ ಕೆಲವು ವಾರಗಳಿಗೊಮ್ಮೆ ಪ್ಯಾಚ್ ಬಿಚ್ಚಿ, ತೊಳೆದು, ಮತ್ತೆ ಕೂರಿಸಿ, ಅಕ್ಕಪಕ್ಕದ್ದನ್ನು ಕತ್ತರಿಸಿ ಹೊಂದಿಸಬೇಕು. ಪ್ಯಾಚ್ ಹಳತಾದಾಗ ಹೊಸದು ಕೊಳ್ಳಬೇಕು. ಕಸಿಗೆ ಒಮ್ಮೆ ದುಡ್ಡು, ಪ್ಯಾಚಿಗೆ ಬಾಡಿಗೆಯ ಹಾಗೆ ಸದಾ.

ಬಲೆ ಅಂದೆವಲ್ಲ, ಅದು ಇಲ್ಲಿದೆ. ಬರೀ ಪ್ಯಾಚ್ ಹಾಕುವವರು ಬೇಸರವಾದರೆ ತೆಗೆದು ಎಸೆದು, ತಲೆ ಬೋಳಿಸಿಕೊಂಡು ಆರಾಮಾಗಿ ಇರಬಹುದು. ಬರೀ ಕಸಿ ಮಾಡಿಸಿದವರಿಗೆ ದಿನದ ರಗಳೆ ಇಲ್ಲ. ಎರಡನ್ನೂ ಸೇರಿಸಿದವರು ಪ್ಯಾಚ್ ಬಿಡೋ ಹಾಗಿಲ್ಲ. ತೆಗೆದರೆ ಹಣೆಯ ಮೇಲೆ ಬೇಲಿಯ ಹಾಗೆ ಎರಡು ಸೆಂಟಿಮೀಟರ್ ಕೂದಲು, ಹಿಂದೆ ಬಯಲು. ದಿನಾ ಬೋಳಿಸಿಕೊಳ್ಳಬಹುದು, ಆದರೆ ಕಸಿ ಮಾಡಿದ ಗುರುತು ಹತ್ತಿರದಿಂದ ಕಾಣಬಹುದು. ಅದಕ್ಕೇ ಈ ದಾರಿ ಹೊಂದುವುದು ಬೋಳು ಒಂದು ಹಂತಕ್ಕೆ ನಿಂತ, ನಲವತ್ತು ದಾಟಿದ, ಎಷ್ಟೋ ವರ್ಷದಿಂದ ಪ್ಯಾಚ್ ಹಾಕಿ ಅಭ್ಯಾಸವಾಗಿ, ಮುಂದಿನ ಅಂಚಿನ ಗೋಂದಿನಿಂದ ಮಾತ್ರ ಬಿಡುಗಡೆ ಬೇಕೆನ್ನುವವರಿಗೆ. ಸುಟ್ಟ ಗಾಯದ ಕಲೆ ಇರುವ ಕೆಲವರಿಗೂ ವೈದ್ಯರು ಯೋಚಿಸಬಹುದು.

ನಮ್ಮ ವಯಸ್ಸಿಗೆ ಇದು ಹೇಳಿದ್ದಲ್ಲ ಅಂತ ನಮಗನ್ನಿಸುತ್ತೆ. ಇಪ್ಪತ್ತೊಂದಕ್ಕೆ ನಿಮ್ಮ ಕೂದಲು ಎಲ್ಲಿಯವರೆಗೆ ಹೋಗಿ ನಿಲ್ಲುತ್ತೆ ಅನ್ನೋದು ಯಾರಿಗೂ ಗೊತ್ತಿರಲ್ಲ. ಪ್ಲೇಸ್‌ಮೆಂಟ್‌ಗೆ ಮುಂಚೆ ಅಂತ ಇಎಂಐನಲ್ಲಿ ಮುಂದಲೆ ನೆಡಿಸಿಕೊಂಡರೆ, ಮೂವತ್ತಕ್ಕೆ ಅದರ ಹಿಂದಿನ ಸ್ವಂತ ಕೂದಲು ಸರಿದು, ಬೇಡವೆಂದರೂ ಪ್ಯಾಚಿನ ದಾರಿಗೇ ಬರಬೇಕಾಗಬಹುದು. ಈಗ ಉಳಿದಿರುವುದನ್ನು ಉಳಿಸಿಕೊಳ್ಳುವ ಔಷಧಗಳಿವೆ: ಮಿನಾಕ್ಸಿಡಿಲ್, ಫಿನಾಸ್ಟರೈಡ್. ಅಡ್ಡಪರಿಣಾಮಗಳೂ ಇವೆ, ಆದ್ದರಿಂದ ಚರ್ಮವೈದ್ಯರನ್ನು ಕೇಳಿಯೇ ತಗೊಳ್ಳಿ. ಏನೂ ಮಾಡದೆ ಇರುವುದೂ ಒಂದು ಆಯ್ಕೆ. ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' 2017ರಲ್ಲಿ ಬಂದಾಗ ಅದರ ನಾಯಕ ಬಕ್ಕತಲೆಯ ಕನ್ನಡ ಉಪನ್ಯಾಸಕ ಅನ್ನೋದಕ್ಕೇ ನಮ್ಮ ಸಂಘದವರಿಗೆ ಅದರ ಮೇಲೆ ವಿಶೇಷ ಮಮತೆ.

ಇಷ್ಟಾದ ಮೇಲೂ ಹೋಗಲೇಬೇಕು ಅಂದರೆ, ಇದು ಸಲೂನ್ ಕೆಲಸ ಅಲ್ಲ, ಅರಿವಳಿಕೆ ಕೊಟ್ಟು ಮಾಡುವ ಶಸ್ತ್ರಚಿಕಿತ್ಸೆ. 2016ರಲ್ಲಿ ಚೆನ್ನೈನಲ್ಲಿ ಕೂದಲು ಕಸಿಗೆ ಹೋದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತೀರಿಕೊಂಡ. ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಾಗುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿಯಲ್ಲೇ ಬರೆಯಬೇಕಾಯಿತು. ಹಾಗಾಗಿ ಕ್ಲಿನಿಕ್‌ನ ಕೌನ್ಸೆಲರ್ ಬಳಿ ಅಲ್ಲ, ವೈದ್ಯರ ಬಳಿಯೇ ಕೂತು ಕೇಳಿ: ಚರ್ಮ ಕೊಯ್ಯುವವರು ನೀವೋ, ಟೆಕ್ನಿಷಿಯನ್ನೋ? ನನ್ನ ಹಿಂಭಾಗದಲ್ಲಿ ಒಟ್ಟು ಎಷ್ಟು ಗ್ರಾಫ್ಟ್ ಇದೆ, ಇದಾದ ಮೇಲೆ ಎಷ್ಟು ಉಳಿಯುತ್ತೆ? ಹಿಂದಿನ ಕೂದಲು ಹತ್ತು ವರ್ಷಕ್ಕೆ ಉದುರಿದರೆ ಏನು ಮಾಡ್ತೀರಿ? ಎರಡನ್ನೂ ಸೇರಿಸಿ ಮಾಡೋಣ ಅಂತ ಅವರೇ ಹೇಳಿದರೆ, ಪ್ಯಾಚ್ ಹಾಕಿದ ಫೋಟೋ ತೋರಿಸುತ್ತಾರೆ, ಅದು ಚೆನ್ನಾಗಿಯೇ ಇರುತ್ತೆ. ಅದೇ ತಲೆಯ, ಪ್ಯಾಚ್ ತೆಗೆದ ಫೋಟೋ ಕೇಳಿ.